ಜಲ್ಲಿ ಮೈದಾನದ ಟ್ರಿಫ್

ಮೊರ್ಲಿಯ ಮೈದಾನದಲ್ಲಿ ಒಂದೆಸಳು ಹುಲ್ಲಿಲ್ಲ. ತಾಮ್ರದ ಕುಲುಮೆಯ ಹೊಗೆಗೆ ಸುತ್ತಲಿನ ಗುಡ್ಡದ ಮರಗಳೇ ಸತ್ತುಹೋದ ಮೇಲೆ ಹುಲ್ಲು ಎಲ್ಲಿಂದ ಬರಬೇಕು? ನಮ್ಮ ಅಜ್ಜಂದಿರು ಗಣಿಯ ಜಲ್ಲಿಪುಡಿ ತಂದು ಹರವಿ, ರೋಲರ್ ಉರುಳಿಸಿ, ಸುತ್ತ ಬಿಳಿ ಗೆರೆ ಎಳೆದು ಅದರ ಮೇಲೆಯೇ ಆಡಿದರು. ನಾವೂ ಆಡಿದೆವು. ಬಿದ್ದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ಹೊರಗಿನ ತಂಡದವರು ಬಸ್ಸಿನಿಂದ ಇಳಿದು ನೆಲ ನೋಡಿದರೆ ಸಾಕು, ಮುಖ ಹುಳ್ಳಗಾಗುತ್ತಿತ್ತು. ಅರ್ಧ ಆಟ ಅಲ್ಲೇ ಗೆದ್ದಂತೆ ನಮಗೆ.

ಲಿಂಡ್ಸೆ ಟ್ರಿಫಿಟ್‌ನ ಮನೆ ಈ ಮೈದಾನದ ಬೇಲಿಗೆ ಅಂಟಿಕೊಂಡೇ ಇತ್ತು. ಅಪ್ಪ ಗಣಿಯಲ್ಲಿ ಬಂಡೆ ಕೊರೆಯುವವನು. ಮಗ ನಡೆಯಲು ಕಲಿತದ್ದೇ ಜಲ್ಲಿಯ ಮೇಲೆ ಎನ್ನಬೇಕು. ಊರ ಬಾಯಲ್ಲಿ ಅವನು ಟ್ರಿಫ್. ನಾನು ಅವನಿಗಿಂತ ನಾಲ್ಕು ವರ್ಷ ದೊಡ್ಡವನು. ಹೆಸರು ನೊಯೆಲ್, ಆದರೆ ನನ್ನಷ್ಟು ಎತ್ತರದವನನ್ನು ಹೆಸರು ಹಿಡಿದು ಕರೆಯುವ ತಾಳ್ಮೆ ಯಾರಿಗಿದೆ? ಹೆಂಡತಿಯೂ ಸೇರಿದಂತೆ ಎಲ್ಲರಿಗೂ ನಾನು ಏಣಿ.

ನಮ್ಮದು ಕೈಯಲ್ಲೂ ಕಾಲಲ್ಲೂ ಆಡುವ ಫುಟ್‌ಬಾಲ್. ತಂಡದಲ್ಲಿ ನನ್ನ ಕೆಲಸ ಹಾರುವುದು. ಅಂಪೈರ್ ಮೈದಾನದ ನಟ್ಟನಡುವೆ ಆ ಮೊಟ್ಟೆಯಾಕಾರದ ಚೆಂಡನ್ನು ನೆಲಕ್ಕೆ ಅಪ್ಪಳಿಸಿ ಮೇಲಕ್ಕೆ ಚಿಮ್ಮಿಸುತ್ತಾನೆ. ಎರಡೂ ಕಡೆಯ ಉದ್ದದವರು ಹಾರಿ ಅದನ್ನು ತಮ್ಮವನ ಕಡೆ ತಟ್ಟಬೇಕು. ಕೆಳಗೆ ಕಾಯುವ ಆ ‘ತಮ್ಮವನು’ ಗಿಡ್ಡ, ಚುರುಕು, ಎಲ್ಲರ ಕಾಲುಗಳ ನಡುವೆ ಬದುಕುವವನು. ಆಗ ಅವನನ್ನು ರೋವರ್ ಅನ್ನುತ್ತಿದ್ದೆವು, ಈಗಿನವರು ಮಿಡ್‌ಫೀಲ್ಡರ್ ಅನ್ನುತ್ತಾರೆ. ಅವನು ಹಾಬರ್ಟ್ ನಗರದಲ್ಲಿ ಕಳೆದ ಸಮಯ ಬಿಟ್ಟರೆ, ಟ್ರಿಫ್ ಆಡಿದ ಅಷ್ಟೂ ಕಾಲ ನಾನು ತಟ್ಟಿದ ಚೆಂಡೇ ಅವನ ಕೈಗೆ ಬಿದ್ದದ್ದು. ಅವನ ಆಟ ಹೇಗೆ ಬದಲಾಯಿತು ಎಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ. ಯಾರೂ ಕೇಳಲಿಲ್ಲ, ಅದು ಬೇರೆ ಮಾತು.

ಎಂಬತ್ತರ ದಶಕದ ಆರಂಭ. ಅವನಿಗೆ ಹದಿನೇಳು. ಮೊದಲ ಪಂದ್ಯ ಕರಾವಳಿಯ ರೋಸ್‌ಲಿನ್ ತಂಡದ ಮೇಲೆ. ಅವರ ಕಡೆಯ ಸ್ನೋ ಗ್ಲೀಸನ್ ಎಂಬ ಮುದಿ ಗೂಳಿ ನಡುಮೈದಾನದಲ್ಲಿ ನಿಂತು ಈ ಸಣಕಲನನ್ನು ಮೇಲಿಂದ ಕೆಳಗೆ ನೋಡಿದ.

“ಏನೋ ಮರಿ, ಕಿತ್ತಳೆ ಹೋಳು ಹಂಚೋಕೆ ಬಂದ್ಯಾ?”

ಟ್ರಿಫ್ ತಲೆ ತಗ್ಗಿಸಿಕೊಂಡು ನಿಂತ. ಚೆಂಡು ಚಿಮ್ಮಿತು, ನಾನು ತಟ್ಟಿದೆ. ಅವನು ಬಗ್ಗಿದ್ದನ್ನು ನಾನು ನೋಡಲೇ ಇಲ್ಲ. ಓಡುತ್ತಿರುವವನ ಕೈ ನೆಲ ಸವರಿದಂತಾಯಿತು ಅಷ್ಟೆ, ಆಮೇಲೆ ಚೆಂಡು ಅವನ ಬಳಿ ಇತ್ತು. ಜಲ್ಲಿಯ ಮೇಲೆ ಆಡುವವನು ಬೀಳದಿರುವುದನ್ನು ಮೊದಲು ಕಲಿಯಬೇಕು. ಇವನು ಅದನ್ನು ಉಸಿರಾಟದ ಹಾಗೆ ಕಲಿತಿದ್ದ. ಯಾರೂ ಅವನನ್ನು ಮುಟ್ಟುವ ಮೊದಲೇ ಅಲ್ಲಿಂದ ಮಾಯ. ಕಾದ ಕಾವಲಿಯ ಮೇಲೆ ಓಡುವವನಂತೆ ಪಾದ ಊರುತ್ತಲೇ ಎತ್ತುತ್ತಿದ್ದ. ಆಟದ ಕೊನೆಯ ಕಾಲುಭಾಗಕ್ಕೆ ಮುಂಚಿನ ಬಿಡುವಿನಲ್ಲಿ ಎಲ್ಲರೂ ಕಿತ್ತಳೆ ಹೀರುತ್ತ ನಿಂತಾಗ ಅವನು ಸ್ನೋನ ಪಕ್ಕದಲ್ಲಿ ಹಾದುಹೋಗುತ್ತ, “ಸಿಪ್ಪೆ ಕೆಳಗೆ ಹಾಕ್ಬೇಡ ಸ್ನೋ, ಆಮೇಲೆ ನಾನೇ ಗುಡಿಸ್ಬೇಕು” ಅಂದ. ಸ್ನೋ ಸಹ ನಕ್ಕುಬಿಟ್ಟ.

ಮೈದಾನದ ಸುತ್ತ ಕಾರುಗಳಲ್ಲಿ ಕುಳಿತು ಮಳೆ ತಪ್ಪಿಸಿಕೊಂಡು ನೋಡುವುದು ನಮ್ಮೂರ ಪದ್ಧತಿ. ಗೋಲು ಬಿದ್ದಾಗ ಎಲ್ಲ ಕಾರುಗಳೂ ಹಾರ್ನ್ ಹೊಡೆಯುತ್ತವೆ. ಆ ವರ್ಷ ಟ್ರಿಫ್ ಚೆಂಡು ಹಿಡಿದರೇ ಸಾಕು, ಗೋಲಿನ ಮಾತು ಹಾಗಿರಲಿ, ಹಾರ್ನ್ ಶುರುವಾಗುತ್ತಿತ್ತು. ನಮ್ಮ ಕೋಚ್ ಮರ್ವ್ ಅವನಿಗೆ ಹೇಳುತ್ತಿದ್ದುದು ಒಂದೇ ಮಾತು: “ಗುಂಪಿನೊಳಗೆ ನುಗ್ಗಬೇಡ ಮಗಾ. ಹೊರಗೆ ನಿಲ್ಲು. ಕತ್ತೆಗಳು ಒದ್ದಾಡಲಿ, ಚೆಂಡು ತಾನಾಗಿ ಹೊರಗೆ ಬರ್ತದೆ.”

ಮೂರು ವರ್ಷ ಅವನು ಹಾಗೇ ಆಡಿದ. ಮೈಮೇಲೆ ಒಂದು ಗೀರಿಲ್ಲ. ಪಂದ್ಯ ಮುಗಿದಾಗ ನಾವೆಲ್ಲ ಚರ್ಮಕ್ಕೆ ಹೊಕ್ಕ ಕಲ್ಲು ಕೀಳಿಸಿಕೊಳ್ಳುತ್ತ ಕೂತರೆ ಅವನು ಸ್ನಾನ ಮುಗಿಸಿ, ತಲೆ ಬಾಚಿ, ಕ್ಲಬ್ಬಿನ ಕಿಟಕಿಯಲ್ಲಿ ಮಾಂಸದ ಪೈ ಮಾರುವ ಮಾರ್ಲೀನ್‌ಳ ಮುಂದೆ ನಿಂತಿರುತ್ತಿದ್ದ.

“ಪೈ ಬೇಕಾ, ಸುಮ್ನೆ ನಿಂತಿದ್ದೀಯಾ?”

“ಪೈ ಬಿಸಿ ಇದ್ಯಾ?”

“ಪೈ ತಣ್ಣಗಾಗಿ ಒಂದು ಗಂಟೆ ಆಯ್ತು. ನೀನು ನಿಂತೂ ಅಷ್ಟೇ ಹೊತ್ತಾಯ್ತು.”

ಹೀಗೆ.

ಹಾಬರ್ಟ್‌ನ ಒಂದು ದೊಡ್ಡ ತಂಡದಿಂದ ಜನ ಬಂದು ನೋಡಿ, ಅವನನ್ನು ಕರೆದೊಯ್ದರು. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ, ಇರಲು ಕೋಣೆ, ಮೈತುಂಬ ಹಸಿರು ಹುಲ್ಲಿನ ಮೈದಾನ. ಮೊದಲ ವರ್ಷ ಪತ್ರಿಕೆಯಲ್ಲಿ ಅವನ ಫೋಟೋ ಬಂತು, ಮರ್ವ್ ಅದನ್ನು ಕ್ಲಬ್ಬಿನ ಗೋಡೆಗೆ ಅಂಟಿಸಿದ. ಎರಡನೆಯ ವರ್ಷ ಒಂದು ಮಧ್ಯಾಹ್ನ, ಹತ್ತಿರ ಯಾರೂ ಇಲ್ಲದಾಗ, ಓಡುತ್ತ ಓಡುತ್ತ ಥಟ್ಟನೆ ಬಲಕ್ಕೆ ತಿರುಗಿದ. ಮೈ ತಿರುಗಿತು, ಪಾದ ತಿರುಗಲಿಲ್ಲ. ಮೊಣಕಾಲಿನೊಳಗಿನ ಲಿಗಮೆಂಟ್ ಕಿತ್ತುಹೋದ ಸದ್ದು ಗೆರೆಯಾಚೆ ಕೂತವರಿಗೂ ಕೇಳಿಸಿತಂತೆ.

ನಾನು ಬಸ್ಸು ಹಿಡಿದು ಆಸ್ಪತ್ರೆಗೆ ಹೋದೆ. ಕಾಲು ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರಿನಲ್ಲಿತ್ತು.

“ಜಲ್ಲಿ ಮೇಲೆ ಬೂಟು ಜಾರುತ್ತೆ ಏಣಿ,” ಅಂದ. “ಜಾರಿದ್ರೆ ಉಳ್ಕೋತೀವಿ. ಈ ಹುಲ್ಲು ಹಿಡ್ಕೊಂಡ್ಬಿಡ್ತು.”

ಹಾಬರ್ಟ್‌ನವರು ಮೊದಲು ಹೂವು ಕಳಿಸಿದರು. ಆಮೇಲೆ ಅದೂ ಇಲ್ಲ. ಅಂಗಡಿಯವನು ನಿಂತು ಕೆಲಸ ಮಾಡಲಾಗದವನನ್ನು ಎಷ್ಟು ದಿನ ಇಟ್ಟುಕೊಂಡಾನು? ಟ್ರಿಫ್ ಮೊರ್ಲಿಗೆ ಹಿಂದಿರುಗಿದಾಗ ಕಾಲು ಎಳೆಯುತ್ತಿದ್ದ. ಗಣಿಯಲ್ಲಿ ಕೆಲಸ ಸಿಕ್ಕಿತು, ಮಾರ್ಲೀನ್ ಮದುವೆಗೆ ಒಪ್ಪಿದಳು. ಕುಂಟನಾದ ಮೇಲೆ ಅವನು ನನ್ನ ಪೈ ಕಿಟಕಿಯಿಂದ ಓಡಿಹೋಗಲಾರ, ಅದಕ್ಕೆ ಒಪ್ಪಿದೆ ಎಂದು ಎಲ್ಲರ ಮುಂದೆ ಹೇಳುತ್ತಿದ್ದಳು.

ಒಂದು ಸಂಜೆ ಅವನು ಅಭ್ಯಾಸಕ್ಕೆ ಬಂದ. ಎರಡು ಸುತ್ತು ಓಡಿದ್ದನ್ನು ನೋಡಿ ಮರ್ವ್ ಮುಖ ತಿರುಗಿಸಿದ. “ಸ್ಕೋರ್ ಬೋರ್ಡಿನಲ್ಲಿ ಒಬ್ಬ ಬೇಕಾಗಿದ್ದಾನೆ ಟ್ರಿಫ್,” ಅಂದ, ಆದಷ್ಟು ಮೃದುವಾಗಿ.

“ಸ್ಕೋರ್ ಬೋರ್ಡು ನಿನ್ನ ಹೆಂಡ್ತಿಗೆ ಕೊಡು. ಏಣಿ, ನೀನು ಇರು.”

ಎಲ್ಲರೂ ಹೋದ ಮೇಲೆ ನಾವಿಬ್ಬರೇ ನಡುವೃತ್ತದಲ್ಲಿ ನಿಂತೆವು.

“ನಾನಿನ್ನು ಓಡಲ್ಲ,” ಅಂದ. “ಓಡೋಕೆ ಆಗಲ್ಲ ಅಂತ ಗೊತ್ತು. ನೀನು ಹಾರು. ದೂರ ತಟ್ಟಬೇಡ. ನನ್ನ ಎದೆ ಮೇಲೆ ಹಾಕು. ಅಲ್ಲಿಂದ ಮುಂದೆ ನಂದು.”

ಆ ಚಳಿಗಾಲವಿಡೀ ಅದೇ. ನಾನು ಮೂಗು ಉಜ್ಜಿಕೊಂಡರೆ ಚೆಂಡು ಎಡಕ್ಕೆ, ಚಡ್ಡಿ ಏರಿಸಿಕೊಂಡರೆ ಹಿಂದಕ್ಕೆ, ಏನೂ ಮಾಡದಿದ್ದರೆ ನೇರ ಅವನ ಮೇಲೆ. ನಮ್ಮ ತಂಡದ ಎಡಬದಿಯಲ್ಲಿ ಅಂಚೆ ಕಚೇರಿಯ ರೆಕ್ಸ್ ಲೆಟ್ ಓಡುತ್ತಿದ್ದ, ಬಾಣದಂತೆ. ಟ್ರಿಫ್ ಚೆಂಡು ಹಿಡಿದದ್ದೇ, ಅಂಗೈ ಮೇಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಎಡಕ್ಕೆ ಕಳಿಸುವನು. ನೋಡುತ್ತಿರಲಿಲ್ಲ. ರೆಕ್ಸ್ ಅಲ್ಲಿರುತ್ತಿದ್ದ. ಊಟದ ತಟ್ಟೆಯಿಂದ ಬಾಯಿಗೆ ಹೋಗುವ ಕೈಯನ್ನು ಯಾರು ನೋಡುತ್ತಾರೆ?

ಆದರೆ ಓಡದವನು ಚೆಂಡನ್ನು ಮೊದಲು ಮುಟ್ಟಬೇಕಾದರೆ ಗುಂಪಿನ ಒಳಗೇ ಇರಬೇಕು. ಹಾಗಾಗಿ ಒಳಗೆ ಹೋದ. ಚೆಂಡು ನೆಲದಲ್ಲಿರುವಾಗ ಸುತ್ತ ಆರೇಳು ಜನ ನುಗ್ಗುತ್ತಾರೆ. ಮೊಣಕಾಲು, ಮೊಣಕೈ, ಸೊಂಟ ಎಲ್ಲ ಒಂದೇ ಎತ್ತರದಲ್ಲಿ ಹಾರಾಡುತ್ತವೆ. ಬುದ್ಧಿಯಿದ್ದವನು ಭುಜ ಮುಂದೆ ಮಾಡಿ ಹೋಗುತ್ತಾನೆ. ಭುಜ ಮುಂದೆ ಮಾಡಿದರೆ ಒಂದು ಕೈ ತಡವಾಗುತ್ತದೆ. ಟ್ರಿಫ್‌ಗೆ ಆ ತಡ ಭರಿಸುವಷ್ಟು ಕಾಲಿರಲಿಲ್ಲ. ಅವನು ತಲೆ ಮುಂದೆ ಹಾಕಿ, ಎರಡೂ ಕೈ ಚಾಚಿ ಹೋಗುತ್ತಿದ್ದ. ಚೆಂಡು ಮೊದಲು, ಏಟು ಆಮೇಲೆ. ಚೆಂಡು ರೆಕ್ಸ್‌ನ ಕೈ ಸೇರಿದಾಗ ಇವನು ಇನ್ನೂ ನೆಲದ ಮೇಲೆ ಯಾರದೋ ಕಾಲಡಿ ಇರುತ್ತಿದ್ದ.

ಜನ ಹುಚ್ಚಾದರು. ಹದಿನೇಳರ ಓಟಗಾರನನ್ನು ಅವರು ಮೆಚ್ಚಿದ್ದರು. ಈ ಕುಂಟನನ್ನು ಪೂಜಿಸಿದರು. ಮಳೆ ಸುರಿಯುವಾಗ ಕಾರಿನಿಂದಿಳಿದು ಬೇಲಿ ಹಿಡಿದು ನಿಂತರು. ಸತತ ಎರಡು ವರ್ಷ ಲೀಗಿನ ಅತ್ಯುತ್ತಮ ಆಟಗಾರ ಪದಕ ಅವನದೇ. ಗಣಿಯಲ್ಲಿ ಯಾರಾದರೂ ಅಪಾಯದ ಕೆಲಸಕ್ಕೆ ಹಿಂದೆಮುಂದೆ ನೋಡದೆ ಇಳಿದರೆ “ಟ್ರಿಫ್ ಆಗ್ಬೇಡ” ಅನ್ನುವ ಮಾತು ಹುಟ್ಟಿತು. ಹೊಗಳಿಕೆಯೇ ಅದು.

ಏಟು ಬಿದ್ದಾಗ, ಅವನಿಗಾಗಲಿ ನನಗಾಗಲಿ, ಪರ್ಸ್ ಎಂಬ ನಮ್ಮ ಮುದಿ ಸಹಾಯಕ ಬಕೆಟ್ಟು, ಸ್ಪಂಜು, ಮೂಗಿಗೆ ಹಿಡಿಯುವ ಘಾಟಿನ ಬಾಟಲಿ ಹಿಡಿದು ಕುಪ್ಪಳಿಸುತ್ತ ಬರುತ್ತಿದ್ದ. ಅವನದು ಒಂದೇ ಪರೀಕ್ಷೆ.

“ಇವತ್ತು ಏನು ವಾರ ಹೇಳು?”

“ಶನಿವಾರ.”

“ಸರಿಯಾಗಿದ್ದಾನೆ. ಎತ್ತಿ ನಿಲ್ಸಿ.”

ನಾವು ಆಡುತ್ತಿದ್ದುದು ಶನಿವಾರ ಮಾತ್ರ. ಅದು ಪರ್ಸ್‌ನ ತಲೆಗೂ ಹೊಳೆಯಲಿಲ್ಲ, ನಮ್ಮ ತಲೆಗೂ ಹೊಳೆಯಲಿಲ್ಲ.

ಒಂದು ಸಲ ರೋಸ್‌ಲಿನ್ ಮೇಲಿನ ಫೈನಲ್. ಮೊದಲರ್ಧದಲ್ಲಿ ಸ್ನೋ ಗ್ಲೀಸನ್‌ನ ತಮ್ಮನ ಮೊಣಕಾಲು ಟ್ರಿಫ್‌ನ ಕಿವಿಯ ಮೇಲೆ ಬಿತ್ತು. ಅವನ ಕೈಕಾಲು ಸೆಟೆದು, ಬೆರಳುಗಳು ಗಾಳಿಯಲ್ಲಿ ಏನೋ ಹಿಡಿಯುವಂತೆ ಮಡಚಿಕೊಂಡವು. ವಾರ ಕೇಳಿದರು, ಹೇಳಿದ. ಎದ್ದ. ದ್ವಿತೀಯಾರ್ಧ ಪೂರ್ತಿ ಆಡಿದ, ಅವನ ಜೀವನದ ಅತ್ಯುತ್ತಮ ಆಟ ಅದೇ ಎಂದು ಇಂದಿಗೂ ಹೇಳುವವರಿದ್ದಾರೆ. ಸಂಜೆ ಪಬ್ಬಿನಲ್ಲಿ ಬಿಯರ್ ಹಿಡಿದು ನನ್ನ ಪಕ್ಕಕ್ಕೆ ಬಂದು ಕಿವಿಯಲ್ಲಿ ಕೇಳಿದ:

“ಏಣಿ, ಗೆದ್ದವರು ಯಾರು?”

ಗೆದ್ದ ಕಪ್ ಅವನೆದುರಿಗೇ ಮೇಜಿನ ಮೇಲಿತ್ತು. ಪಬ್ಬೇ ಬಿದ್ದು ಬಿದ್ದು ನಕ್ಕಿತು. ಮಾರ್ಲೀನ್ ಮಾತ್ರ ನಗಲಿಲ್ಲ. “ಎದ್ದೇಳು, ಮನೆಗೆ,” ಅಂದಳು. ಅವನು ಎದ್ದು, ಯಾವ ಬಾಗಿಲು ಎಂದು ನೋಡುತ್ತ ನಿಂತ.

ಅವರಿಗೆ ಜೋಡಿ ಎಂಬ ಮಗಳು ಹುಟ್ಟಿದಳು. ತಾಮ್ರದ ಬೆಲೆ ಬಿತ್ತು, ಗಣಿಯಲ್ಲಿ ಜನ ಕಡಿಮೆಯಾದರು, ಅಂಚೆ ಕಚೇರಿಯಲ್ಲೂ ಕಡಿಮೆಯಾದರು. ರೆಕ್ಸ್ ಸಂಸಾರ ಸಮೇತ ಬಿಸಿಲಿನ ಕ್ವೀನ್ಸ್‌ಲ್ಯಾಂಡಿಗೆ ಹೋದ. ಮರ್ವ್ ಹೃದಯದ ಕಾಯಿಲೆಯಿಂದ ತೀರಿಕೊಂಡ. ಮೂವತ್ತು ದಾಟಿದ್ದ ಟ್ರಿಫ್‌ನನ್ನೇ ನಾಯಕನನ್ನಾಗಿಯೂ ಕೋಚ್ ಆಗಿಯೂ ಮಾಡಿದೆವು.

ಆಗ ಅವನ ಆಟ ಎರಡನೆಯ ಸಲ ಬದಲಾಯಿತು. ಗುಂಪಿಗೆ ನುಗ್ಗುವುದನ್ನು ಅವನ ಕತ್ತು, ಭುಜ ಇನ್ನು ಸಹಿಸುತ್ತಿರಲಿಲ್ಲ. ನಡುಮೈದಾನದಿಂದ ಸ್ವಲ್ಪ ಹಿಂದೆ ನಿಂತು ಬಾಯಿಂದ ಆಡತೊಡಗಿದ. “ಡ್ಯಾನಿ, ಎರಡು ಹೆಜ್ಜೆ ಒಳಗೆ! ಅವನ್ನ ಬಿಡು, ಬಿಡೋ ಅವನ್ನ, ಚೆಂಡು ಇಲ್ಲಿ ಬರ್ತದೆ!” ಚೆಂಡು ಅಲ್ಲೇ ಬರುತ್ತಿತ್ತು. ಎದುರಾಳಿಯ ಕಾಲು ಎತ್ತುವ ಮೊದಲೇ ಅದು ಎಲ್ಲಿ ಬೀಳುತ್ತದೆಂದು ಅವನಿಗೆ ಗೊತ್ತು. ನಡೆದುಕೊಂಡೇ ಅಲ್ಲಿಗೆ ಹೋಗಿ, ಬಂದ ಚೆಂಡನ್ನು ಹಿಡಿದು, ನೋಡದೆ ಗುದ್ದಿ ಕೊಡುತ್ತಿದ್ದ. ಇಪ್ಪತ್ತರ ಹುಡುಗರು ಅವನ ಸುತ್ತ ಓಡಿ ಓಡಿ ಸುಸ್ತಾಗುತ್ತಿದ್ದರು. ಹೊರಗಿನಿಂದ ನೋಡುವವರಿಗೆ ಇವನು ಮುಪ್ಪಿನಲ್ಲಿ ಮಾಗಿದ್ದಾನೆ ಅನ್ನಿಸುತ್ತಿತ್ತು. ನನಗೂ ಸ್ವಲ್ಪ ಕಾಲ ಹಾಗೇ ಅನ್ನಿಸಿತು.

ಮೊದಲು ಬಂದದ್ದು ಸಿಟ್ಟು. ಡ್ರೆಸ್ಸಿಂಗ್ ರೂಮಿನ ಟ್ಯೂಬ್‌ಲೈಟ್ ಕಣ್ಣಿಗೆ ಚುಚ್ಚುತ್ತದೆ ಎಂದು ಬೂಟೆಸೆದು ಒಡೆದ. ಹೊಸ ಟ್ಯೂಬ್ ಹಾಕಿದೆವು, ಅದನ್ನೂ ಒಡೆದ. ಆಮೇಲೆ ಕತ್ತಲಲ್ಲೇ ಬಟ್ಟೆ ಬದಲಿಸಿದೆವು. ಹುಡುಗರು ಇದನ್ನೂ ತಮಾಷೆ ಮಾಡಿದರು: “ಟ್ರಿಫ್ ಗಣಿಯಿಂದ ಹೊರಗೆ ಬಂದಿಲ್ಲ ಇನ್ನೂ.”

ಆಮೇಲೆ ಒಂದು ಶನಿವಾರ, ಮಂಜು ಮುಸುಕಿದ ಮಧ್ಯಾಹ್ನ, ಆಟ ಸಮಸಮವಾಗಿ ನಡೆದಿತ್ತು. ಎದುರಾಳಿಗಳು ಜೋರು ಮಾಡುತ್ತಿದ್ದರಿಂದ ಟ್ರಿಫ್ ತಾನೇ ಮುಂದೆ ಬಂದು ನನ್ನ ಬುಡದಲ್ಲಿ ನಿಂತ. ನಾನು ಹಾರಿ ಚೆಂಡನ್ನು ಅವನ ಎದೆಗೆ ಹಾಕಿದೆ. ಹಿಡಿದ, ನೋಡದೆ ಎಡಕ್ಕೆ ಗುದ್ದಿದ. ಸೊಗಸಾದ ಹೊಡೆತ. ಅಲ್ಲಿ ಯಾರೂ ಇರಲಿಲ್ಲ. ಎದುರಾಳಿಯೊಬ್ಬ ಎತ್ತಿಕೊಂಡು ಹೋಗಿ ಗೋಲು ಹೊಡೆದ.

ಟ್ರಿಫ್ ಆ ಖಾಲಿ ಜಾಗದ ಕಡೆ ತಿರುಗಿ ಕೂಗಿದ. “ರೆಕ್ಸ್! ಎಲ್ಲಿ ಹಾಳಾಗಿ ಹೋಗಿದ್ದೀಯೋ?”

ಹುಡುಗರು ನಕ್ಕರು. ರೆಕ್ಸ್ ಯಾರೆಂದು ಅವರಲ್ಲಿ ಅರ್ಧ ಜನಕ್ಕೆ ಗೊತ್ತೇ ಇಲ್ಲ. ಆ ಹುಡುಗರಲ್ಲೊಬ್ಬನಾದ ಡ್ಯಾನಿ ಅಂದ, “ಮುದುಕಪ್ಪ ಹಳೇ ಜೋಕು ಹೊಡೀತಿದ್ದಾನೆ.” ಮತ್ತೆ ನಡುವೃತ್ತಕ್ಕೆ ಬಂದೆವು. ಅಂಪೈರ್ ಚೆಂಡು ಹಿಡಿದು ಸಿದ್ಧನಾಗುತ್ತಿದ್ದ. ಟ್ರಿಫ್ ನನ್ನ ತೋಳು ಹಿಡಿದ.

“ರೆಕ್ಸ್‌ಗೆ ನೀನಾದ್ರೂ ಹೇಳು ಏಣಿ. ಇವತ್ತು ಅವನ ಮನಸ್ಸು ಇಲ್ಲಿಲ್ಲ.”

ಅವನ ಕಣ್ಣಲ್ಲಿ ತಮಾಷೆ ಇರಲಿಲ್ಲ. ಚೆಂಡು ಚಿಮ್ಮಿತು. ನಾನು ಹಾರಿದೆನೋ ಇಲ್ಲವೋ ನೆನಪಿಲ್ಲ.

ಆ ಸಂಜೆ ಅವನ ಮನೆಗೆ ಹೋದೆ. ಅವನು ಒಳಗೆ ಪರದೆ ಎಳೆದು ಮಲಗಿದ್ದ. ಮಾರ್ಲೀನ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ನಾನು ರೆಕ್ಸ್‌ನ ವಿಷಯ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

“ಮೊನ್ನೆ ಕೆಲಸಕ್ಕೆ ಹೊರಟ,” ಅಂದಳು. “ಮಧ್ಯಾಹ್ನ ಕಸ ಹಾಕೋಕೆ ಹೋದ್ರೆ ಮನೆ ಮುಂದೇನೇ ಕಾರಲ್ಲಿ ಕೂತಿದ್ದಾನೆ. ಇಂಜಿನ್ ಓಡ್ತಾ ಇದೆ. ಎಲ್ಲಿಗೆ ಹೋಗ್ಬೇಕು ಅಂತ ಮರ್ತುಹೋಯ್ತಂತೆ. ಒಳಗೆ ಬಂದು ಕೇಳೋಕೆ ನಾಚಿಕೆ ಆಯ್ತಂತೆ.”

“ಆಟ ಬಿಡ್ಸು ಮಾರ್ಲೀನ್.”

“ನಾನು ಹೇಳಿಲ್ಲ ಅಂದ್ಕೊಂಡ್ಯಾ?”

ಒಳಗಿಂದ ಅವನ ಧ್ವನಿ ಬಂತು. ಎಲ್ಲ ಕೇಳಿಸಿಕೊಂಡಿದ್ದ. “ಭಾನುವಾರ ತಲೆನೋವು. ಸೋಮವಾರ ತಲೆನೋವು. ಗುರುವಾರದ ತನಕ ಮಂಜಿನಲ್ಲಿ ನಡೆದ ಹಾಗೆ. ಶನಿವಾರ ಒಂದಿನ ನಂಗೆ ಎಲ್ಲ ಸ್ಪಷ್ಟ ಕಾಣ್ಸುತ್ತೆ. ಅದೊಂದು ದಿನಾನೂ ಕಿತ್ಕೋತೀರಾ?”

ಆ ಶನಿವಾರ ಅವನಿಗೆ ಸ್ಪಷ್ಟ ಕಂಡದ್ದು ರೆಕ್ಸ್ ಇನ್ನೂ ಊರಲ್ಲಿದ್ದ ವರ್ಷ ಎಂದು ಅವನಿಗೆ ಹೇಗೆ ಹೇಳುವುದು?

ಕಡೆಗೆ ಆಟ ಬಿಡಿಸಿದ್ದು ನಾವಲ್ಲ, ಗಣಿ. ನಮ್ಮಲ್ಲಿ ಬಂಡೆ ಸಿಡಿಸುವ ಮೊದಲು ಒಂದು ಸೈರನ್ ಆಗುತ್ತದೆ. ಅದು ಕೇಳಿದ ಕೂಡಲೇ ಕೈಯಲ್ಲಿದ್ದದ್ದು ಅಲ್ಲೇ ಬಿಟ್ಟು ಎಲ್ಲರೂ ಹೊರಬಂದು, ಹಲಗೆಗೆ ತಮ್ಮ ಹೆಸರಿನ ಬಿಲ್ಲೆ ತೂಗುಹಾಕಬೇಕು. ಮೈದಾನದಲ್ಲಿ ಆಟ ಶುರುವಾಗುವುದೂ ಸೈರನ್‌ನಿಂದಲೇ. ಅಂದು ಸೈರನ್ ಆಯಿತು, ಎಲ್ಲರೂ ಹೊರಗೆ ಬಂದರು. ಟ್ರಿಫ್‌ನ ಬಿಲ್ಲೆ ಇರಲಿಲ್ಲ. ಪಾಳಿಯ ಮೇಸ್ತ್ರಿ ಸಿಡಿಸುವವನ ಕೈ ಹಿಡಿದು ನಿಲ್ಲಿಸಿದ. ಅದೇ ಪಾಳಿಯಲ್ಲಿದ್ದ ನಾನೂ ಇನ್ನೊಬ್ಬನೂ ದೀಪ ಹಿಡಿದು ಒಳಗೆ ಓಡಿದೆವು. ಸಿಡಿಮದ್ದು ತುಂಬಿದ ಬಂಡೆಯ ಮುಂದೆ, ಹತ್ತಿಪ್ಪತ್ತು ಹೆಜ್ಜೆ ಈಚೆ, ಅವನು ಮೊಣಕಾಲು ಸ್ವಲ್ಪ ಬಗ್ಗಿಸಿ, ಕೈ ಮುಂದೆ ಚಾಚಿ, ತಲೆ ಎತ್ತಿ ನಿಂತಿದ್ದ. ನನ್ನನ್ನು ನೋಡಿ ಮುಖ ಅರಳಿತು.

“ಎಷ್ಟು ತಡ ಮಾಡ್ತೀಯೋ,” ಅಂದ. “ಸೈರನ್ ಆಗಿ ಎಷ್ಟು ಹೊತ್ತಾಯ್ತು. ಬಾ, ಹಾರು.”

ಇನ್ನೊಬ್ಬ ಅತ್ತುಬಿಟ್ಟ. ನಾನು ಟ್ರಿಫ್‌ನ ಭುಜ ಹಿಡಿದು, “ಇವತ್ತು ಮಳೆಗೆ ಪಂದ್ಯ ನಿಂತಿದೆ, ಬಾ” ಅಂದೆ. ಮಳೆಗೆ ನಮ್ಮೂರಲ್ಲಿ ಯಾವ ಪಂದ್ಯವೂ ಎಂದೂ ನಿಂತದ್ದಿಲ್ಲ. ಅವನು ನಂಬಿ ಬಂದ.

ಹಾಬರ್ಟ್‌ನ ವೈದ್ಯರು ತಲೆಯ ಚಿತ್ರ ತೆಗೆದು, ವಯಸ್ಸು ಕೇಳಿದರು. ಮೂವತ್ತೈದು ಎಂದು ಮಾರ್ಲೀನ್ ಹೇಳಿದಳು. ಮತ್ತೊಮ್ಮೆ ಕೇಳಿದರು. ಆಮೇಲೆ, ಇವರಿಗೆ ತಲೆಗೆ ಏಟಾಗಿ ಪ್ರಜ್ಞೆ ತಪ್ಪಿದ್ದು ಎಷ್ಟು ಸಲ ಅಂದರು.

“ಯಾವ ವರ್ಷದ್ದು ಹೇಳ್ಲಿ?” ಅಂದಳು ಅವಳು.

ಔಷಧಿ ಇಲ್ಲ ಎಂದರು. ಏಟು ಬೀಳದ ಹಾಗೆ ನೋಡಿಕೊಳ್ಳಿ ಎಂದರು. ಬೀಳಬೇಕಾದ ಏಟೆಲ್ಲ ಬಿದ್ದು ಮುಗಿದಿತ್ತು.

ಮುಂದಿನ ಹತ್ತು ವರ್ಷ ಆ ಮನೆಯಲ್ಲಿ ನಡೆದದ್ದನ್ನು ನಾನು ಅರ್ಧ ಕಂಡಿದ್ದೇನೆ, ಇನ್ನರ್ಧ ಅವಳು ಹೇಳದೆ ಉಳಿಸಿಕೊಂಡಿದ್ದಾಳೆ. ಒಳ್ಳೆಯ ದಿನಗಳಿದ್ದವು. ತೋಟದಲ್ಲಿ ಕೂತು ಗುಡ್ಡದ ಮೇಲೆ ಮತ್ತೆ ಚಿಗುರುತ್ತಿದ್ದ ಗಿಡಗಳನ್ನು ನೋಡುತ್ತ, ಕುಲುಮೆ ಮುಚ್ಚಿದ್ದೇ ಒಳ್ಳೆಯದಾಯಿತು ನೋಡು ಅನ್ನುತ್ತಿದ್ದ. ಕೆಟ್ಟ ದಿನ ಅಡುಗೆಮನೆಯಲ್ಲಿ ಅವಳನ್ನು ಎದುರಾಳಿ ಎಂದುಕೊಂಡು ಸೊಂಟ ಹಿಡಿದು ನೆಲಕ್ಕೆ ಕೆಡವಿದ. ಅವಳ ಮಣಿಕಟ್ಟು ಮುರಿಯಿತು. ನೆಲದಲ್ಲಿ ಬಿದ್ದವಳನ್ನು ನೋಡಿ, “ಏನಾಯ್ತು ಮಾರ್ಲೀನ್, ಯಾರು ಮಾಡಿದ್ದು?” ಎಂದು ಮಗುವಿನಂತೆ ಅತ್ತ. ಆಸ್ಪತ್ರೆಯಲ್ಲಿ ಅವಳು ಮೆಟ್ಟಿಲಿಂದ ಜಾರಿದೆ ಎಂದಳು. ಅವರ ಮನೆಗೆ ಮೆಟ್ಟಿಲೇ ಇಲ್ಲ. ಮಗಳು ಜೋಡಿ ಲಾನ್ಸೆಸ್ಟನ್ ನಗರದಲ್ಲಿ ಕೆಲಸ ಹುಡುಕಿಕೊಂಡು ಹೋದಳು. ಕೊನೆಗೆ ಅವಳೇ ಬಂದು, “ಅಮ್ಮಾ, ಸಾಕು” ಅಂದಳು.

ಬರ್ನಿ ಪಟ್ಟಣದಲ್ಲಿ ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಗೆ ಸೇರಿಸಿದರು. ಎಂಬತ್ತು ತೊಂಬತ್ತರ ಅಜ್ಜಿಯರ ನಡುವೆ ಇವನೊಬ್ಬ, ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ. ಹೊಸ ನರ್ಸುಗಳು ಯಾರನ್ನೋ ನೋಡಲು ಬಂದ ಮಗ ಎಂದುಕೊಳ್ಳುತ್ತಿದ್ದರು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಮೊದಮೊದಲು ಏಣಿ ಎನ್ನುತ್ತಿದ್ದ. ಆಮೇಲೆ ಎತ್ತರ ನೋಡಿ ನಗುತ್ತಿದ್ದ, ಹೆಸರಿಲ್ಲ. ಆಮೇಲೆ ನಗುವೂ ಇಲ್ಲ. ಐವತ್ತೈದು ತುಂಬುವ ಮೊದಲೇ, ಒಂದು ಸಾಧಾರಣ ಶೀತ ಎದೆಗಿಳಿದು ತೀರಿಹೋದ.

ಮಿದುಳನ್ನು ಪರೀಕ್ಷೆಗೆ ಕೊಡಬಹುದೇ ಎಂದು ಸಿಡ್ನಿಯಿಂದ ಕೇಳಿದರು. ಜೋಡಿ ಬೇಡವೆಂದಳು, ಮಾರ್ಲೀನ್ ಕೊಟ್ಟಳು. ಕೆಲವು ತಿಂಗಳ ಬಳಿಕ ಒಬ್ಬ ವೈದ್ಯೆ ಫೋನು ಮಾಡಿದಾಗ ನಾನು ಅವಳ ಅಡುಗೆಮನೆಯಲ್ಲೇ ಇದ್ದೆ. ಪದೇಪದೇ ಏಟು ತಿಂದ ಮಿದುಳಿಗೆ ಬರುವ ಕಾಯಿಲೆ, ಬಹಳ ಮುಂದುವರಿದದ್ದು, ಅಂದರಂತೆ. ಮಾರ್ಲೀನ್ ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದಳು. “ನನ್ನ ಮೇಲೆ ಕೈ ಮಾಡಿದ್ನಲ್ಲ, ಅದು ಇದರಿಂದಾನಾ?” ಆ ಕಡೆಯಿಂದ ಏನು ಬಂತೋ, ಅವಳು ಬಹಳ ಹೊತ್ತು ಕೇಳಿಸಿಕೊಂಡಳು. “ಅಷ್ಟು ಗೊತ್ತಾದ್ರೆ ಸಾಕು ಡಾಕ್ಟರೇ,” ಎಂದು ಫೋನಿಟ್ಟು, ಸಿಂಕಿನಲ್ಲಿದ್ದ ಎಲ್ಲ ಪಾತ್ರೆ ತೊಳೆದಳು. ತೊಳೆದಿದ್ದವನ್ನೂ ಮತ್ತೆ ತೊಳೆದಳು.

ಈಗ ಮೊರ್ಲಿಗೆ ಸ್ವಂತ ತಂಡವಿಲ್ಲ. ರೋಸ್‌ಲಿನ್‌ನವರ ಜೊತೆ ಸೇರಿ ಒಂದೇ ತಂಡ, ಜನ ಸಾಲದೆ. ಹೋದ ವರ್ಷ ಆ ತಂಡದ ಕಮಿಟಿಯಿಂದ ಇಬ್ಬರು ಮಾರ್ಲೀನ್‌ಳ ಮನೆಗೆ ಬಂದರು. ಒಬ್ಬ ಡ್ಯಾನಿ, ಈಗ ಬೋಳುತಲೆ, ಅಧ್ಯಕ್ಷ. ಚಹಾ ಕೊಟ್ಟಳು. ಮಕ್ಕಳ ತಂಡದಲ್ಲಿ ಪ್ರತಿವರ್ಷ ಟ್ರಿಫ್ ಹೆಸರಲ್ಲಿ ಒಂದು ಪದಕ ಕೊಡಬೇಕೆಂದಿದ್ದೇವೆ ಅಂದ ಡ್ಯಾನಿ.

“ಯಾವುದಕ್ಕೆ?”

“ಧೈರ್ಯಕ್ಕೆ. ಚೆಂಡಿಗೆ ಹಿಂದೆಮುಂದೆ ನೋಡದೆ ನುಗ್ಗೋನಿಗೆ.”

“ಬೇಡ.”

“ಅವನ ನೆನಪು ಉಳೀಬೇಕಲ್ವಾ ಮಾರ್ಲೀನ್…”

“ನೆನಪು ನಂಗಿದೆ. ಇನ್ನೊಂದು ಕಪ್ ಚಹಾ ತಗೋತೀಯಾ ಡ್ಯಾನಿ?”

ಡ್ಯಾನಿ ತೆಗೆದುಕೊಂಡ. ಪದಕದ ಮಾತು ಮತ್ತೆ ಬರಲಿಲ್ಲ. ಹೋಗುವಾಗ ಅವನು ಬಾಗಿಲಲ್ಲಿ ನಿಂತು, ತನ್ನ ಕಿರಿಯ ಮಗನಿಗೂ ಈಗ ತಲೆಗೆ ಮೆತ್ತೆಯ ಟೋಪಿ ಹಾಕಿಸಿಯೇ ಆಡಿಸುತ್ತೇನೆ ಎಂದ. ಅದರಿಂದ ಪ್ರಯೋಜನವಿದೆಯೋ ಇಲ್ಲವೋ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಅವರು ಹೋದ ಮೇಲೆ ನಾನು ಉಳಿದೆ. ಮೇಜಿನ ಮೇಲೆ ಜ್ಯಾಮ್ ಹಚ್ಚಿದ ಸ್ಕೋನ್ ಬನ್ನುಗಳು ಉಳಿದಿದ್ದವು. ಅದೂ ಇದೂ ಮಾತಾಡುತ್ತ, ಊರಾಚೆ ಹೊಸದಾಗಿ ಬಂದ ಅಂಗಡಿಯ ವಿಷಯ ಬಂತು. ಅಲ್ಲಿ ಒಂದು ವಸ್ತು ಕೊಂಡಿದ್ದೆ, ಬಾಗಿಲ ಕೀಲಿಗೆ ಹಾಕುವ ಆ ಎಣ್ಣೆ, ಅದಕ್ಕೆ ಒಂದು ಹೆಸರಿದೆ, ದಿನಾ ಹೇಳುವ ಹೆಸರು. ನಾಲಿಗೆಯ ತುದಿಗೆ ಬಂತು, ನಿಂತಿತು. ನನಗೆ ಅರವತ್ತು ದಾಟಿ ವರ್ಷಗಳಾದವು. ಈ ವಯಸ್ಸಿನಲ್ಲಿ ಎಲ್ಲರಿಗೂ ಹೀಗಾಗುತ್ತದೆ ಎಂದು ವೈದ್ಯರು ಹೇಳಿದ್ದಾರೆ.

ಮಾರ್ಲೀನ್ ಆ ಪದವನ್ನು ನನಗೆ ಎತ್ತಿಕೊಡಲಿಲ್ಲ. ಕಪ್ಪನ್ನು ತಟ್ಟೆಯ ಮೇಲಿಟ್ಟು, ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು.